ಮಲಗಿದ ಬುದ್ಧನಿಗೆ ಕುಂಕುಮ

ಎಪ್ಪಿಂಗ್

ಆಸ್ಟ್ರೇಲಿಯಾಕ್ಕೆ ಹೋಗಿಬಂದವರೆಲ್ಲ ಸಿಡ್ನಿಯ ಆಪೆರಾ ಹೌಸ್ ಮುಂದೆ ಹಲ್ಲು ಕಿರಿದು ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದಿದೆ. ಅದಕ್ಕೆ ಕಟ್ಟು ಹಾಕಿಲ್ಲ, ಹಾಕುವುದೂ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಪಟಗಳಿಗೆ ಕಟ್ಟು ಹಾಕಿಕೊಂಡು ಬಂದವನು ನಾನು. ಯಾವುದಕ್ಕೆ ಕಟ್ಟು ಬೇಕು, ಯಾವುದಕ್ಕೆ ಬೇಡ ಎಂದು ಇನ್ನೊಬ್ಬರು ಹೇಳಬೇಕಾಗಿಲ್ಲ.

ನನ್ನನ್ನು ಕರೆಸಿಕೊಂಡವಳು ಅಕ್ಕನ ಮಗಳು ಸ್ಮಿತಾ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಎಂಬ ಬಡಾವಣೆಯಲ್ಲಿ ಆಫೀಸು ಕೆಲಸ, ಎಪ್ಪಿಂಗ್‌ನಲ್ಲಿ ನಾಲ್ಕನೇ ಮಹಡಿಯ ಮನೆ. "ಪಿಆರ್ ಬಂತು, ಮಾರ್ಟ್‌ಗೇಜ್ ಬಂತು, ಇನ್ನು ನೀವೊಬ್ರು ಬರೋದು ಬಾಕಿ ಮಾವ" ಎಂದು ಎರಡು ವರ್ಷ ಫೋನಿನಲ್ಲಿ ಪೀಡಿಸಿ ಕಡೆಗೂ ಟಿಕೆಟ್ ಬುಕ್ ಮಾಡಿಬಿಟ್ಟಳು.

ಸಿಡ್ನಿ ವಿಮಾನ ನಿಲ್ದಾಣದಲ್ಲಿ ಎಲ್ಲರ ಉಪ್ಪಿನಕಾಯಿ, ಚಟ್ನಿಪುಡಿ ತಪಾಸಣೆಯಾದರೆ ನನ್ನದು ಕುಂಕುಮದ ಡಬ್ಬಿ. ನಾನು ಎಲ್ಲಿಗೆ ಹೋದರೂ ಅದು ಜೊತೆಗಿರುತ್ತದೆ, ಅಂಗಡಿಯ ರೂಢಿ. ಅಧಿಕಾರಿ ಹೆಂಗಸು ಮುಚ್ಚಳ ತೆಗೆದು ಮೂಸಿ, "ಇದು ತಿನ್ನುವ ಪದಾರ್ಥವೇ?" ಎಂದು ಕೇಳಿದಳು. ಅಲ್ಲ, ದೇವರಿಗೆ ಎಂದೆ. "ದೇವರು ತಿನ್ನುತ್ತಾನಾ?" ಎಂದಳು. ಇಷ್ಟು ವರ್ಷ ಪೂಜೆ ಮಾಡಿದರೂ ನನಗೆ ಹೊಳೆಯದೇ ಇದ್ದ ಪ್ರಶ್ನೆ. ಇನ್ನೂ ತಿಂದಿಲ್ಲ ಎಂದೆ. ಕೈಗವಸಿಗೆ ಒಂದಿಷ್ಟು ಮೆತ್ತಿಕೊಂಡು ನನ್ನನ್ನು ಬಿಟ್ಟುಬಿಟ್ಟಳು.

ಮೊದಲ ವಾರ ನಾನು ನೋಡಿದ ದೊಡ್ಡ ವಿಸ್ಮಯವೆಂದರೆ ಬಸ್ಸಿನಿಂದ ಇಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು. ನಮ್ಮಲ್ಲಿ ಬಸ್ಸು ಪೂರ್ತಿ ನಿಂತರೆ ನಾವು ಚಾಮುಂಡಮ್ಮನಿಗೆ ಥ್ಯಾಂಕ್ಸ್ ಹೇಳುತ್ತೇವೆ. ಇಲ್ಲಿ ಶಾಲೆ ಹುಡುಗಿಯಿಂದ ಹಿಡಿದು ಮೈತುಂಬ ಹಚ್ಚೆ ಹಾಕಿಸಿಕೊಂಡ ದಾಂಡಿಗನವರೆಗೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದೆ. ರುಚಿ ಹತ್ತಿ, ಸ್ಟೇಷನ್‌ನಲ್ಲಿ ತಾನಾಗಿ ತೆರೆದ ಗೇಟಿಗೂ ಹೇಳಿದೆ. "ಮಾವ, ಅದು ಮೆಷಿನ್ನು" ಎಂದು ಸ್ಮಿತಾ ನನ್ನ ರೆಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಎರಡನೇ ವಾರಕ್ಕೆ ಕೈ ಕಡಿಯಲು ಶುರುವಾಯಿತು. ಸ್ಮಿತಾ ಬೆಳಗ್ಗೆ ಆಫೀಸಿಗೆ ಹೋದರೆ ನಾನು ಬಾಲ್ಕನಿಯಲ್ಲಿ ಕೂತು ಎದುರಿನ ಕಸದ ಡಬ್ಬಗಳಿಗೆ ಕೊಕ್ಕು ಹಾಕುವ ಹಕ್ಕಿಗಳನ್ನು ನೋಡುತ್ತಿದ್ದೆ. ಕಪ್ಪು ತಲೆ, ಉದ್ದನೆ ಬಾಗಿದ ಕೊಕ್ಕು, ಬಿಳಿ ಮೈ. ಅದರ ನೆಂಟರನ್ನು ರಂಗನತಿಟ್ಟಿನಲ್ಲಿ ಜನ ದೋಣಿಯಲ್ಲಿ ಕೂತು ದುರ್ಬೀನು ಹಿಡಿದು ನೋಡುತ್ತಾರೆ. ಇಲ್ಲಿ ಅದು ಯಾರದೋ ಪಿಜ್ಜಾ ಚೂರಿಗೆ ಕಾಗೆಯ ಜೊತೆ ಜಗಳಕ್ಕೆ ನಿಂತಿತ್ತು. ನನ್ನ ಸಂಕಟ ನೋಡಲಾರದೆ ಸ್ಮಿತಾ ಒಂದು ಸಂಜೆ, "ಮಾವ, ನಿಮಗೊಂದು ಕೆಲಸ ಹುಡುಕಿದೀನಿ. ಎದುರು ಮನೆ ಅಂಕಲ್‌ಗೆ ಫ್ರೇಮ್ ಹಾಕಿಸ್ಬೇಕಂತೆ. ನಮ್ಮ ಮಾವ ಎಕ್ಸ್‌ಪರ್ಟು ಅಂತ ಹೇಳ್ಬಿಟ್ಟಿದೀನಿ, ಮರ್ಯಾದೆ ಉಳಿಸಿ" ಎಂದಳು.

ಎದುರು ಮನೆ

ಎದುರು ಮನೆಯ ಅಂಕಲ್ ಎಂದರೆ ಶೋಜಿ. ಜಪಾನಿನವರು, ವಯಸ್ಸು ಎಪ್ಪತ್ತೊಂಬತ್ತು, ತೆಳ್ಳಗೆ ಊದುಬತ್ತಿಯ ಹಾಗೆ ಇದ್ದರು. ಬಾಗಿಲು ತೆರೆದವರೇ ಸೊಂಟದವರೆಗೆ ಬಗ್ಗಿದರು. ನಾನೂ ಬಗ್ಗಿದೆ. ಅವರು ಇನ್ನಷ್ಟು ಬಗ್ಗಿದರು. ನನಗೆ ಹೊಟ್ಟೆ ಅಡ್ಡ ಬಂತು, ಸೊಂಟ ಹಿಡಿದುಕೊಂಡಿತು, ಗೋಡೆಗೆ ಕೈಕೊಟ್ಟು ಎದ್ದೆ. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಕುಂಟುವುದು ಗೊತ್ತಾದ ಮೇಲೆ ನಾವಿಬ್ಬರೂ ಧಾರಾಳವಾಗಿ ಮಾತಾಡಿದೆವು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ. ನಮ್ಮ ಇಂಗ್ಲಿಷನ್ನು ಅಚ್ಚು ಹಾಕಿದರೆ ಇಬ್ಬರ ಮಾನವೂ ಹೋಗುತ್ತದೆ.

ಒಳಗೆ ಗೋಡೆಗೆ ಒರಗಿಸಿ ಹನ್ನೆರಡು ಬುದ್ಧರನ್ನು ನಿಲ್ಲಿಸಿದ್ದರು. ಎಲ್ಲವೂ ರೇಷ್ಮೆ ಬಟ್ಟೆಯ ಮೇಲೆ ಬರೆದದ್ದು. ನಾನು ಮೊದಲು ಮಾಡಿದ್ದು ಒಂದನ್ನು ತಿರುಗಿಸಿ ಬೆನ್ನು ನೋಡಿದ್ದು, ಕಟ್ಟು ಹಾಕುವವನ ಬುದ್ಧಿಯೇ ಅಷ್ಟು. ಬೆನ್ನಿಗೂ ಬಣ್ಣ ಹಾಕಿತ್ತು. "ಹಿಂದಿನಿಂದ ಹಾಕಿದ ಬಣ್ಣ ರೇಷ್ಮೆಯೊಳಗಿಂದ ಮುಂದಕ್ಕೆ ಮೆಲ್ಲಗೆ ಕಾಣುತ್ತದೆ. ಬೆನ್ನು ನೋಡಿದವರು ನೀವೇ ಮೊದಲು" ಎಂದು ಶೋಜಿ ಹಿಗ್ಗಿದರು. ಅಲ್ಲಿಗೆ ನಮ್ಮ ದೋಸ್ತಿ ಕುದುರಿತು.

ಐದು ದಿನ ನಾನು ಬಾಲ್ಕನಿಯಲ್ಲಿ ಮರದ ಪಟ್ಟಿ ಕೊಯ್ದು ಮೂಲೆ ಜೋಡಿಸುತ್ತ ಕೂತರೆ ಅವರು ಪಕ್ಕದಲ್ಲಿ ಕೂತು ತಮ್ಮ ಕತೆ ಹೇಳಿದರು. ಹುಟ್ಟಿದ್ದು ಬೆಟ್ಟದ ಊರಿನ ಒಂದು ಬೌದ್ಧ ದೇಗುಲದ ಮನೆಯಲ್ಲಿ. ಅಪ್ಪ ಅಲ್ಲಿನ ಪೂಜಾರಿ. ಪೂಜೆಯ ಹಕ್ಕು ಅಣ್ಣನಿಗೆ ಹೋಗುವುದರಿಂದ ಎರಡನೆಯವರಾದ ಇವರನ್ನು ದೇಗುಲದ ಹಳೆಯ ಚಿತ್ರಗಳನ್ನು ತಿದ್ದುವ ಮುದುಕರೊಬ್ಬರ ಕೈಗೆ ಒಪ್ಪಿಸಿದರು. ಆ ಗುರು ಇವರಿಗೆ ಮೋಡ ಬರೆಯಲು ಕೊಟ್ಟರಂತೆ. ಒಂಬತ್ತು ವರ್ಷ ಬರೀ ಮೋಡ.

"ಬುದ್ಧ?" ಎಂದು ಕೇಳಿದೆ.

"ಬುದ್ಧನ ಮುಖಕ್ಕೆ ಕೈ ಹಾಕಲು ಗುರುವಿನ ಅಪ್ಪಣೆ ಬೇಕು. ಹತ್ತನೇ ವರ್ಷ ಕೊಡುತ್ತೇನೆ ಅಂದಿದ್ದರು. ಒಂಬತ್ತನೇ ವರ್ಷ ಹೋಗಿಬಿಟ್ಟರು."

ಪಾಪ, ಮನುಷ್ಯ ಅಲ್ಲಿಂದ ಹೊರಟು ಸಿಡ್ನಿಗೆ ಬಂದರು. ಹೋಟೆಲಿನಲ್ಲಿ ತಟ್ಟೆ ತೊಳೆದರು, ಆಮೇಲೆ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಹಿಡಿದರು. ಈ ಸಬರ್ಬಿನ ಎಷ್ಟೋ ಅಡುಗೆಮನೆಗಳ ಬಿಳಿ ಗೋಡೆ ಅವರದೇ. ಒಂದು ಚಳಿಗಾಲದಲ್ಲಿ ಬುದ್ಧನ ಮುಖ ಬರೆಯದೆ ಇರಲಾರೆ ಎನಿಸಿತಂತೆ. ಅಪ್ಪಣೆ ಕೊಡಲು ಗುರು ಇಲ್ಲ. ಆಗ ಬಾಡಿಗೆಗಿದ್ದ ಮನೆಯ ಮಾಲೀಕಳಾದ ಇಟಲಿಯ ಅಜ್ಜಿಯ ಮುಂದೆ ಮಂಡಿಯೂರಿ ಕೂತು ಅಪ್ಪಣೆ ಕೇಳಿದರು. ಆಕೆ ರೆಂಟ್ ಕೇಳಲು ಬಂದವಳು. ಇವರನ್ನು ಮೇಲಿಂದ ಕೆಳಗೆ ನೋಡಿ, "ಬರೆದುಕೋ ಮಗಾ, ಗೋಡೆ ಮೇಲೆ ಮಾತ್ರ ಬರೀಬೇಡ" ಎಂದಳಂತೆ. ಅದನ್ನು ಹೇಳುವಾಗ ಶೋಜಿಯವರ ಕಣ್ಣು ತುಂಬಿತ್ತು. ನಾನು ನಗಬಾರದೆಂದು ಬಾಯಲ್ಲಿ ಮೊಳೆ ಕಚ್ಚಿಕೊಂಡೆ.

ವಾರವೆಲ್ಲ ಗೋಡೆ, ಭಾನುವಾರ ಬುದ್ಧ. ನಲವತ್ತು ವರ್ಷಕ್ಕೆ ಹನ್ನೆರಡು ಚಿತ್ರ. ಒಬ್ಬ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಒಂದನ್ನು ಸ್ವಲ್ಪ ದಿನ ನೇತುಹಾಕಿ, ರೋಗಿಗಳಿಗೆ ಇನ್ನೂ ಹೆದರಿಕೆಯಾಗುತ್ತದೆ ಎಂದು ವಾಪಸು ಕೊಟ್ಟರು. ಇಲ್ಲಿಯವರಿಗೆ ಇವರದು ತೀರಾ ಹಳೇ ಕಾಲದ ಚಿತ್ರ. ಜಪಾನಿನವರಿಗೆ ಇದರಲ್ಲಿ ಕಾಂಗರೂ ಜಾಸ್ತಿ. ಈಗ ಮೆಲ್ಬರ್ನಿನ ಒಂದು ಸಣ್ಣ ಗ್ಯಾಲರಿ ಇವರ ಹನ್ನೆರಡನ್ನೂ ತೋರಿಸಲು ಒಪ್ಪಿತ್ತು. ಬಾಳಿನಲ್ಲಿ ಮೊದಲ ಪ್ರದರ್ಶನ.

ಕಾಂಗರೂ ಎಂದೆನಲ್ಲ, ಅದು ಹನ್ನೆರಡನೆಯ ಚಿತ್ರದಲ್ಲಿ. ಎಲ್ಲಕ್ಕಿಂತ ದೊಡ್ಡದು, ಬಾಗಿಲಿನ ಅಳತೆ. ಎರಡು ಮರಗಳ ನಡುವೆ ಬುದ್ಧ ಬಲಗೈ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಮೈಯೆಲ್ಲ ಚಿನ್ನದ ಬಣ್ಣ. ಸುತ್ತ ಶಿಷ್ಯರು, ಆನೆ, ಜಿಂಕೆ ಮತ್ತು ಇಲ್ಲಿನ ಕಾಂಗರೂ, ವಾಂಬ್ಯಾಟ್, ಆ ಕಸದ ಡಬ್ಬದ ಹಕ್ಕಿ ಕೂಡ. ಎಲ್ಲವೂ ಗೊಳೋ ಎಂದು ಅಳುತ್ತಿವೆ. ನಾನು ಮಲಗಿದ ಬುದ್ಧನನ್ನು ಕಂಡವನೇ ನಮ್ಮ ಶ್ರೀರಂಗಪಟ್ಟಣದ ರಂಗನಾಥ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಉಳಿದದ್ದನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ಇದೇ ಅವರ ಕೊನೆಯ ಚಿತ್ರ. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಟೀ ಬಟ್ಟಲನ್ನು ಅರ್ಧ ಮಾತ್ರ ತುಂಬಿ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. "ಇನ್ನು ಒಂದು ಕೂದಲೆಳೆಯಷ್ಟು ಗೆರೆಯನ್ನೂ ನಾನು ತಿದ್ದಲಾರೆ. ಇರುವುದು ಇಷ್ಟೇ. ಜೋಪಾನ" ಎಂದು ನನಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಈ ನಡುವೆ ಲಿಫ್ಟಿನಲ್ಲಿ ಯಾರೋ ಚೀಟಿ ಅಂಟಿಸಿದ್ದರು: "ನಾಲ್ಕನೇ ಮಹಡಿಯ ಮರಕುಟಿಗನವರಿಗೆ, ದಯವಿಟ್ಟು ಮಧ್ಯಾಹ್ನ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ." ಬೈಗುಳವನ್ನು ಇಷ್ಟು ನಾಜೂಕಾಗಿ ಬರೆಯುವ ಜನರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಮಧ್ಯಾಹ್ನ ಮಲಗಲು ಶುರುಮಾಡಿದೆ.

ಹೊರಡುವ ಬೆಳಗ್ಗೆ

ಮೆಲ್ಬರ್ನಿಗೆ ಒಂಬತ್ತು ಹತ್ತು ಗಂಟೆಯ ದಾರಿ. ಸ್ಮಿತಾ ಎರಡು ದಿನ ರಜೆ ಹಾಕಿ ಒಂದು ವ್ಯಾನು ತಂದಳು. ದಾರಿಯಲ್ಲಿ ಗಾಜು ಒಡೆದರೆ ರೇಷ್ಮೆಗೆ ಅಪಾಯವೆಂದು, ಗಾಜನ್ನು ಅಲ್ಲೇ ಹೋಗಿ ಕೂರಿಸುವುದೆಂದು ನಾನೇ ಸಲಹೆ ಕೊಟ್ಟಿದ್ದೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ನಾನು ಮರೆತೆ.

ನಮ್ಮ ಅಂಗಡಿಯಲ್ಲಿ ದೇವರ ಪಟಕ್ಕೆ ಕಟ್ಟು ಮುಗಿದರೆ ಹಾಗೇ ಕೊಟ್ಟು ಕಳಿಸುವುದಿಲ್ಲ. ಬೆರಳನ್ನು ನೀರಿಗದ್ದಿ, ಕುಂಕುಮ ತೆಗೆದು, ಗಾಜಿನ ಮೇಲೆ ದೇವರ ಹಣೆಯ ನೇರಕ್ಕೆ ಒಂದು ಬೊಟ್ಟು ಇಟ್ಟು ಕೊಡುತ್ತೇವೆ. ಅಪ್ಪನ ಕಾಲದ ಪದ್ಧತಿ. ಗಿರಾಕಿಗೆ ಬೇಡವಾದರೆ ಒರೆಸಿಕೊಳ್ಳಲಿ, ಗಾಜು ತಾನೇ. ಮೂವತ್ತನಾಲ್ಕು ವರ್ಷದಲ್ಲಿ ಈ ಕೆಲಸ ತಲೆಯಿಂದ ಇಳಿದು ಕೈಗೆ ಬಂದುಬಿಟ್ಟಿದೆ.

ಶೋಜಿ ಗಿಡಗಳಿಗೆ ನೀರು ಹಾಕಲು ಬಾಲ್ಕನಿಗೆ ಹೋಗಿದ್ದರು. ನಾನು ದೊಡ್ಡ ಚಿತ್ರದ ಕಟ್ಟನ್ನು ಬಟ್ಟೆಯಿಂದ ಒರೆಸಿ, ಡಬ್ಬಿ ತೆಗೆದು, ಬೆರಳದ್ದಿ, ಮಲಗಿದ ರಂಗನಾಥನ ಹಣೆಗೆ ಬೊಟ್ಟು ಇಟ್ಟೆ.

ಬೆರಳಿಗೆ ಗಾಜಿನ ತಣ್ಣನೆ ತಾಗಲಿಲ್ಲ. ಬಟ್ಟೆ ತಾಗಿತು.

ಚಿನ್ನದ ಹಣೆಯ ನಟ್ಟನಡುವೆ ಕಡಲೆಕಾಳಿನಷ್ಟು ಕೆಂಪು, ಹಸಿ ಹಸಿ. ಉಜ್ಜಿದರೆ ಹರಡುತ್ತದೆ, ಅಷ್ಟು ನನಗೆ ಗೊತ್ತು. ಊದಿದೆ. ಊದಿದರೆ ಹೋಗುವುದೇ? ಅಷ್ಟರಲ್ಲಿ ಬಾಲ್ಕನಿಯ ಬಾಗಿಲು ಸರಿಯಿತು. ನಾನು ಮಾಡಬಾರದ ಕೆಲಸ ಮಾಡಿದೆ. ಚಿತ್ರದ ಮೇಲೆ ತೆಳು ಕಾಗದ ಎಳೆದು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಾಕಿಬಿಟ್ಟೆ. "ಎಷ್ಟು ಚುರುಕು" ಎಂದು ಶೋಜಿ ನನಗೆ ಬಗ್ಗಿ ನಮಸ್ಕಾರ ಮಾಡಿದರು. ನಾನು ನೆಲ ಮುಟ್ಟುವಷ್ಟು ಬಗ್ಗಿದೆ.

ಗೌಲ್ಬರ್ನ್

ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರು. ಸ್ಮಿತಾ ಸ್ಟಿಯರಿಂಗಿಗೆ, ಶೋಜಿ ಕಿಟಕಿಗೆ, ಕಳ್ಳ ನಡುವೆ. ಎರಡು ಗಂಟೆ ಆದ ಮೇಲೆ ಗೌಲ್ಬರ್ನಿನಲ್ಲಿ ಇಳಿದೆವು. ಅಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಕಾಂಕ್ರೀಟಿನ ಟಗರು ನಿಲ್ಲಿಸಿದ್ದಾರೆ. ಟಗರಿನ ಹೊಟ್ಟೆಯೊಳಗೆ ಅಂಗಡಿ, ಅಂಗಡಿಯೊಳಗೆ ಟಗರಿನ ಉಣ್ಣೆಯ ಕಾಲುಚೀಲ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅದರ ಕೊಂಬಿಗೆ ಹಾರ ಬಿದ್ದು, ಪಕ್ಕದಲ್ಲಿ ತೆಂಗಿನಕಾಯಿ ಮಾರುವವಳು ಕೂತಿರುತ್ತಿದ್ದಳು. ಹಾಗೆಂದುಕೊಂಡ ಮೇಲೆ, ಕಂಡದ್ದಕ್ಕೆಲ್ಲ ಪೂಜೆ ಮಾಡಹೊರಡುವ ನನ್ನ ಬುದ್ಧಿಗೆ ನನಗೇ ನಾಚಿಕೆಯಾಯಿತು.

ಶೋಜಿ ಒಬ್ಬರೇ ಇದ್ದರು. ಹೇಳಿಬಿಡೋಣವೆಂದು ಹತ್ತಿರ ಹೋಗಿ, ಹೆಸರಿಗೆ ಜಪಾನಿನವರ ಮರ್ಯಾದೆಯ 'ಸಾನ್' ಸೇರಿಸಿ ಕರೆದೆ.

"ಶೋಜಿ ಸಾನ್, ನಾನು ಆ ದೊಡ್ಡ ಚಿತ್ರಕ್ಕೆ..."

"ಗೊತ್ತು" ಎಂದರು. ನನ್ನ ಜೀವ ಹಾರಿತು. "ಆ ಚಿತ್ರಕ್ಕೆ ನೀವು ಒಳ್ಳೇ ಮರ ಹಾಕಿದ್ದೀರಿ. ಬೇರೆಯದಕ್ಕಿಂತ ಒಳ್ಳೆಯದು. ನಾನು ನೋಡಿದೆ." ಎಂದವರೇ ಆ ಟಗರಿನ ಕಾಲ ಬುಡದಲ್ಲಿ ನನಗೆ ಮತ್ತೆ ಬಗ್ಗಿದರು. ಯಾರೋ ಪ್ರವಾಸಿಗರು ಅದರ ಫೋಟೊ ಬೇರೆ ತೆಗೆದುಕೊಂಡರು.

ಗಂಡಗೈ

ಗಂಡಗೈ ಎನ್ನುವ ಊರಿನ ಹತ್ತಿರ, ಊಟದ ಡಬ್ಬಿಯ ಮೇಲೆ ಕೂತ ನಾಯಿಯ ವಿಗ್ರಹವಿದೆ. ಯಜಮಾನನ ಡಬ್ಬಿಯನ್ನು ಕಾದ ನಿಯತ್ತಿನ ನಾಯಿಯಂತೆ. ನಾಯಿಗಿರುವ ನಿಯತ್ತು ನನಗಿಲ್ಲವಲ್ಲ ಎಂದು ಅದರ ಮುಖ ನೋಡಲಾಗದೆ ವ್ಯಾನಿನಲ್ಲೇ ಕೂತೆ. ಮತ್ತೆ ಹೊರಟ ಮೇಲೆ ತಡೆಯಲಾಗಲಿಲ್ಲ. ಕನ್ನಡದಲ್ಲಿ ಸ್ಮಿತಾಗೆ ಹೇಳಿದೆ.

ವ್ಯಾನು ಒಂದು ಸಲ ಪಕ್ಕದ ಗೆರೆ ಮುಟ್ಟಿ ಬಂತು.

"ಮಾವ, ತಮಾಷೆ ತಾನೆ?"

"ಅಲ್ಲ ಕಣಮ್ಮ. ಹಣೆಗೇ ಇಟ್ಟಿದೀನಿ."

"ಕುಂಕುಮನಾ? ಒದ್ದೆ ಕುಂಕುಮನಾ? ನಾನು ಎಕ್ಸ್‌ಪರ್ಟು ಅಂತ ಹೇಳಿದ್ನಲ್ಲ ಮಾವ. ಅವರು ಲೈಫಲ್ಲಿ ಫಸ್ಟ್ ಟೈಮ್ ಶೋ ಮಾಡ್ತಿದಾರೆ. ಕೈ ಬೇರೆ ಆಗಲ್ಲ ಅವರಿಗೆ. ಅಷ್ಟೂ ಗೊತ್ತಿದ್ದು ಈಗ ಹೇಳ್ತಿದೀರಲ್ಲ?"

"ಕುಂಕುಮ ಅಂದ್ರೆ ಮಂಗಳಕರ ಅಲ್ವೇನೇ" ಎಂದು ಮೆಲ್ಲಗೆ ಅಂದೆ. ಮುಖಕ್ಕೆ ಮಂಗಳಾರತಿ ಶುರುವಾಯಿತು. ನಮ್ಮಕ್ಕನ ಕಂಠವೇ ಅವಳದು.

ಶೋಜಿ ನಮ್ಮ ಜಗಳವನ್ನು ನಗುನಗುತ್ತ ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಕ್ಷೆ ಬಿಡಿಸಿ ವಿನಯದಿಂದ ಕೇಳಿದರು, "ಕುಂಕುಮ ಮುಂದಿನ ಊರಾ? ಚೆನ್ನಾಗಿದೆಯಾ?"

ಹತ್ತು ಕಿಲೋಮೀಟರು ಆದ ಮೇಲೆ ಸ್ಮಿತಾ ತಗ್ಗಿದ ದನಿಯಲ್ಲಿ, "ನಾಳೆ ಬೆಳಿಗ್ಗೆ ಬಿಚ್ಚೋ ಮುಂಚೆ ನೀವೇ ಹೇಳ್ಬೇಕು. ನಾನು ಹೇಳಲ್ಲ" ಎಂದಳು. ಆ ರಾತ್ರಿ ಮೆಲ್ಬರ್ನಿನ ಮೋಟೆಲಿನಲ್ಲಿ ನನಗೆ ಅನ್ನ ಇಳಿಯಲಿಲ್ಲ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಇಳಿಯಲಿಲ್ಲ. ಆ ಮನುಷ್ಯನ ನಲವತ್ತು ವರ್ಷದ ಭಾನುವಾರಗಳ ಮೇಲೆ ನಾನು ಬೆರಳಿಟ್ಟಿದ್ದೆ.

ಮೆಲ್ಬರ್ನ್

ಮೆಲ್ಬರ್ನಿನಲ್ಲಿ ಒಂದೇ ಬೆಳಗ್ಗೆ ಬಿಸಿಲು, ಮಳೆ, ಚಳಿ, ಮತ್ತೆ ಬಿಸಿಲು. ಜನ ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಈರುಳ್ಳಿಯ ಹಾಗೆ ಓಡಾಡುತ್ತಾರೆ. ಗ್ಯಾಲರಿ ಒಂದು ಸಣ್ಣ ಬೀದಿಯಲ್ಲಿತ್ತು. ಅದರ ಒಡತಿ ಕೇಟ್ ಎಂಬ ಎತ್ತರದ ಹೆಂಗಸು. ನಾನು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಕೆ ಕತ್ತರಿ ಹಿಡಿದು ದೊಡ್ಡ ಚಿತ್ರವನ್ನೇ ಬಿಚ್ಚಿಬಿಟ್ಟಿದ್ದಳು.

"ಅರೆ, ಇದಾಗಲೇ ಮಾರಾಟವಾಯಿತೇ?" ಎಂದಳು. ಅವರ ಕಡೆ ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸುತ್ತಾರಂತೆ. "ಆದರೆ ಹಣೆಗೆ ಯಾಕೆ ಅಂಟಿಸಿದಿರಿ?"

ಶೋಜಿ ಚಿತ್ರದ ಮುಂದೆ ಬಂದು ನಿಂತರು. ನಾನು ಇಂಗು ತಿಂದ ಮಂಗನಂತೆ ಎಲ್ಲವನ್ನೂ ಒಪ್ಪಿಸಿದೆ. ಅಂಗಡಿ, ಅಪ್ಪನ ಪದ್ಧತಿ, ಗಾಜು, ಮರೆವು, ಗೌಲ್ಬರ್ನಿನ ಟಗರು. ಅವರು ಬಗ್ಗಿ, ಕಣ್ಣನ್ನು ಹಣೆಯ ಹತ್ತಿರಕ್ಕೆ ತಂದು ಆ ಕೆಂಪನ್ನೇ ನೋಡಿದರು. ಬೈದರೆ ಸಾಕಪ್ಪ ಎನಿಸಿತು.

"ಯಾಕೆ ಇಟ್ಟಿರಿ?" ಎಂದು ಕಡೆಗೆ ಕೇಳಿದರು.

"ದೇವರು ಮಲಗಿದ್ದಾನೆ ಅಂದುಕೊಂಡೆ. ನಮ್ಮೂರ ಹತ್ತಿರ ಹೀಗೇ ಮಲಗಿರುವ ದೇವರಿದ್ದಾನೆ."

"ಮಲಗಿಲ್ಲ. ಬುದ್ಧ ಸಾಯುತ್ತಿದ್ದಾನೆ. ಇದು ಅವನ ಕೊನೆಯ ದಿನ. ಇಷ್ಟೆಲ್ಲ ಪ್ರಾಣಿಗಳು ಯಾಕೆ ಅಳುತ್ತಿವೆ ಅಂದುಕೊಂಡಿರಿ?"

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ನಮ್ಮಲ್ಲಿ ದೇವರು ಮಲಗುವ ಹೊತ್ತಿಗೆ ಬಾಗಿಲು ಹಾಕಿಬಿಡುತ್ತಾರೆ. ದೂರದಿಂದ ಬಂದಿದ್ದಾರಲ್ಲ, ದರ್ಶನ ಸಿಗಲಿಲ್ಲ ಅಂತ ಅಳುತ್ತಿದ್ದಾರೆ ಅಂದುಕೊಂಡೆ" ಎಂದೆ.

ಶೋಜಿಯವರ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ಸ್ಮಿತಾ ಅವರ ಕೈ ಹಿಡಿದಳು. ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಮುಖ ಒರೆಸಿಕೊಂಡು, "ಆದರೆ ಇದು ಇರಬಾರದು. ಇವತ್ತು ಅವನು ಹೋಗಬೇಕು. ಚಿತ್ರ ಇರುವುದೇ ಅದಕ್ಕೆ" ಎಂದರು. ಚೀಲದಿಂದ ಬ್ರಷ್ಷು, ಬಣ್ಣಗಳ ಪೆಟ್ಟಿಗೆ ತೆಗೆದರು. ಎರಡು ವರ್ಷ ಬರೆಯದಿದ್ದರೂ ಅದನ್ನು ಬಿಟ್ಟು ಬಂದಿರಲಿಲ್ಲ.

ಕೇಟ್ ಟೀ ಕೆಟಲಿನಲ್ಲಿ ನೀರು ಕಾಯಿಸಿದಳು. ಬಿಸಿನೀರಿನ ಮೇಲೆ ಬಟ್ಟಲಿಟ್ಟು ಶೋಜಿ ಅಂಟು ಕರಗಿಸಿದರು, ಕಪ್ಪೆಚಿಪ್ಪಿನ ಬಿಳಿ ಪುಡಿ ಕಲಸಿದರು, ಚಿಟಿಕೆ ಚಿನ್ನದ ಪುಡಿ ತೇಯ್ದರು. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿದೆವು. ಬ್ರಷ್ಷು ಕೈಗೆ ಬಂತು. ತುದಿ ಗಾಳಿಯಲ್ಲಿ ಗುಬ್ಬಿಯ ಹಾಗೆ ಕುಣಿಯಿತು. ಅವರು ಅದನ್ನು ಕೆಳಗಿಟ್ಟರು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಇಟ್ಟರು. ಅವರ ಮುಖ ನೋಡಲಾಗದೆ ಕೇಟ್ ಆಚೆ ಹೋದಳು.

ನನಗೆ ಗಾಜು ಕೊಯ್ಯುವುದನ್ನು ಕಲಿಸುವಾಗ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಗಾಜು ಮುಗಿಯುವವರೆಗೆ ಉಸಿರು ಬಿಡಬೇಡ ಎನ್ನುತ್ತಿದ್ದ. ನಾನು ಶೋಜಿಯವರ ಹಿಂದೆ ನಿಂತು ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದೆ. ನಡುಕ ನನ್ನ ಕೈಗೆ ಬಂತು, ಮೊಳಕೈಗೆ ಬಂತು, ಅಲ್ಲಿಂದ ಮುಂದಕ್ಕೆ ನಾನು ಬಿಡಲಿಲ್ಲ. "ಉಸಿರು ಬಿಡಬೇಡಿ" ಎಂದೆ. ಬ್ರಷ್ಷು ಹಣೆಗೆ ತಾಗಿತು. ಕೆಂಪನ್ನು ಒಂದೊಂದೇ ಕಣವಾಗಿ ಎತ್ತಿದರು. ಬಿಳಿ ಹಾಕಿದರು, ಒಣಗಲು ಕಾದೆವು. ಚಿನ್ನ ಹಾಕಿದರು. ಗಂಟೆ ಎರಡಾಗಿತ್ತು. ಇಬ್ಬರು ಮುದುಕರು ಉಸಿರು ಹಿಡಿದು, ಬಿಟ್ಟು, ಹಿಡಿದು ಬೆವರಿನಲ್ಲಿ ತೊಯ್ದುಹೋಗಿದ್ದೆವು. ಬುದ್ಧನ ಹಣೆ ಮೊದಲಿನಂತಾಯಿತು. ನಾನು ತಪ್ಪು ಮಾಡಿದ ಜಾಗವನ್ನು ನನ್ನಿಂದಲೇ ಹುಡುಕಲಾಗಲಿಲ್ಲ.

ಮುಗಿಯಿತೆಂದುಕೊಂಡೆ. ಶೋಜಿ ಬ್ರಷ್ಷು ತೊಳೆಯಲಿಲ್ಲ. ಕಪ್ಪು ಬಣ್ಣಕ್ಕೆ ಅದ್ದಿದರು.

"ಕೈ ಬಿಡಿ" ಎಂದರು.

"ನಡುಗುತ್ತದೆ ಶೋಜಿ ಸಾನ್."

"ನಡುಗಲಿ. ಬಿಡಿ."

ಬಿಟ್ಟೆ. ಚಿತ್ರದ ಕೆಳಮೂಲೆಯಲ್ಲಿ, ಕಾಂಗರೂ ಮತ್ತು ಆ ಹಕ್ಕಿಯ ನಡುವೆ ಅಂಗೈಯಷ್ಟು ಜಾಗವಿತ್ತು. ಅಲ್ಲಿ ಅವರ ಬ್ರಷ್ಷು ಒಂದು ದುಂಡನೆ ಗೆರೆ ಎಳೆಯಿತು. ಅಂಕುಡೊಂಕು, ಅಲೆ ಅಲೆ. ಆಮೇಲೆ ಅದರ ಮೇಲೊಂದು ಬೋಳು ತಲೆ, ಕನ್ನಡಕ, ಮುಗಿದ ಎರಡು ಕೈ. ಅಷ್ಟು ಜನ, ಅಷ್ಟು ಪ್ರಾಣಿ ಅಳುತ್ತಿರುವ ಚಿತ್ರದಲ್ಲಿ ಆ ಕುಳ್ಳ ಮಾತ್ರ ಅಳುತ್ತಿಲ್ಲ. ದೇವರು ಇನ್ನೇನು ಏಳುತ್ತಾನೆ, ಬಾಗಿಲು ತೆಗೆಯುತ್ತಾರೆ ಎಂಬಂತೆ ಕಾದು ನಿಂತಿದ್ದಾನೆ.

ಸಂಜೆ ಬಂದವರು ಅವನನ್ನು ತೋರಿಸಿ ಯಾರಿದು, ಯಾವ ಶಿಷ್ಯ ಎಂದು ಕೇಳಿದರು. ಶೋಜಿ ಬಗ್ಗಿ ಬಗ್ಗಿ ಏನೋ ಹೇಳುತ್ತಿದ್ದರು. ನಾನು ದೂರದಲ್ಲಿ ಗೋಡೆಗೊರಗಿ, ಜ್ಯೂಸಿನ ಲೋಟ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದೆ. ಸ್ಮಿತಾ ಬಂದು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮಾವ, ಅವರು ಮೊದಲು ಬರೆದದ್ದು ಆ ರೌಂಡ್ ಲೈನಾ?" ಎಂದು ಕೇಳಿದಳು.

ಹೌದು ಎಂದೆ. ಎರಡು ವರ್ಷದ ಮೇಲೆ ಶೋಜಿಯವರ ಕೈ ತಾನಾಗಿ ಎಳೆದ ಮೊದಲ ಗೆರೆ, ನನ್ನ ಹೊಟ್ಟೆ.